ಜೆಲ್‌ನಲ್ಲಿ ಒಂದೇ ಬ್ಯಾಂಡ್ ಬಂದರೆ ಪ್ರೋಟೀನ್ ಸರಿಯಿದೆ ಎಂದರ್ಥವೇ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮನುಷ್ಯರ ಗ್ಯಾಲೆಕ್ಟಿನ್-3 ಪ್ರೋಟೀನ್ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬುದು ನನ್ನ ವಿಷಯ. ಕೊಳ್ಳುವುದು ದುಬಾರಿ ಅಂತ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ನಾವೇ ತಯಾರಿಸಿದೆವು. ಹಿಸ್ ಟ್ಯಾಗ್ (ನಿಕ್ಕಲ್‌ಗೆ ಅಂಟುವ ಬಾಲ) ಇದೆ, ನಿಕ್ಕಲ್ ಕಾಲಂನಲ್ಲಿ ಶುದ್ಧ ಮಾಡಿದ್ದು. ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್‌ನಲ್ಲಿ ಒಂದೇ ಬ್ಯಾಂಡ್ (ಪಟ್ಟಿ), ಶೇ. 95ಕ್ಕಿಂತ ಜಾಸ್ತಿ ಶುದ್ಧ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕಿದರೆ ಟಿಎನ್‌ಎಫ್ (ಉರಿಯೂತದ ಸಂಕೇತ ಪ್ರೋಟೀನ್) ಭರ್ಜರಿಯಾಗಿ ಏರುತ್ತದೆ. ಹೋಲಿಸಿ ನೋಡಲು ಒಂದು ಕಂಪನಿಯ ವಯಲ್ ತರಿಸಿ ಅಷ್ಟೇ ಹಾಕಿದೆ. ಹೆಚ್ಚೇನೂ ಆಗಲಿಲ್ಲ. 'ಕಂಪನಿಯದು ದಾರಿಯಲ್ಲೇ ಸತ್ತಿದೆ, ನಮ್ಮದೇ ಸರಿ' ಎನ್ನುತ್ತಾರೆ ಸೀನಿಯರ್. 'ಬ್ಯಾಕ್ಟೀರಿಯಾ ಮಾಡಿದ್ದು ನಿಜವಾದ ಮನುಷ್ಯ ಪ್ರೋಟೀನೇ ಅಲ್ಲ, ಎಲ್ಲ ಬಿಟ್ಟು ಪ್ರಾಣಿಕೋಶದಲ್ಲಿ ಮಾಡು' ಎನ್ನುತ್ತಾರೆ ಇನ್ನೊಬ್ಬರು. ಗೈಡ್ ಮುಂದಿನ ತಿಂಗಳು ಪೇಪರ್ ಬರೆಯೋಣ ಅಂತಿದ್ದಾರೆ. ಇದರ ನಡುವೆ, ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾಗೆ ಹಾಕಿ ಆಟ ಆಡ್ತೀಯಲ್ಲ, ನಿನಗೇನಾದರೂ ಆದರೆ ಅಂತ ಊರಲ್ಲಿ ಅಮ್ಮನಿಗೆ ಭಯ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದ ಪದ 'ಭರ್ಜರಿ'. ಇ. ಕೋಲೈಯಿಂದ ತೆಗೆದ ಪ್ರೋಟೀನ್ ಹಾಕಿದಾಗ ಮ್ಯಾಕ್ರೋಫೇಜಿನಿಂದ ಟಿಎನ್‌ಎಫ್ ಭರ್ಜರಿಯಾಗಿ ಬಂತು ಅಂದರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಯಾಕೆಂದರೆ ಮ್ಯಾಕ್ರೋಫೇಜ್ ಇರುವುದೇ ಬ್ಯಾಕ್ಟೀರಿಯಾ ಕಂಡರೆ ಕೂಗು ಹಾಕಲು. ಅದು ನಿಮ್ಮ ಗ್ಯಾಲೆಕ್ಟಿನ್ ನೋಡಿ ಕೂಗಿತೋ, ಜೊತೆಗೆ ಬಂದ ಬ್ಯಾಕ್ಟೀರಿಯಾ ತುಣುಕು ನೋಡಿ ಕೂಗಿತೋ? ನೀವು ಬರೆದಿರುವ ಯಾವ ಪ್ರಯೋಗವೂ ಇದಕ್ಕೆ ಉತ್ತರ ಕೊಡುವುದಿಲ್ಲ. ಜೆಲ್ ಅಂತೂ ಕೊಡುವುದೇ ಇಲ್ಲ.

ಆದರೆ ಮೊದಲು 'ಮನುಷ್ಯ ಪ್ರೋಟೀನೇ ಅಲ್ಲ' ಅನ್ನುವ ಮಾತನ್ನು ಮುಗಿಸಿಬಿಡೋಣ. ಅದು ಅರ್ಧ ಸತ್ಯ, ಅದಕ್ಕೇ ಜಾಸ್ತಿ ದಾರಿ ತಪ್ಪಿಸುತ್ತದೆ.

ಜೀನ್ ಅಂದರೆ ಅಮೈನೋ ಆಮ್ಲಗಳನ್ನು ಯಾವ ಸಾಲಿನಲ್ಲಿ ಪೋಣಿಸಬೇಕು ಎಂಬ ಬರಹ. ಆ ಲಿಪಿ ನಮಗೂ ಇ. ಕೋಲೈಗೂ ಒಂದೇ. ಗ್ಯಾಲೆಕ್ಟಿನ್-3ರ 250 ಅಮೈನೋ ಆಮ್ಲಗಳು ನಮ್ಮ ಕೋಶದಲ್ಲಿ ಯಾವ ಸಾಲಿನಲ್ಲಿ ಬರುತ್ತವೋ ಬ್ಯಾಕ್ಟೀರಿಯಾದಲ್ಲೂ ಅದೇ ಸಾಲಿನಲ್ಲಿ ಬರುತ್ತವೆ. ಮನುಷ್ಯರ ಇನ್ಸುಲಿನ್ 1978ರಲ್ಲೇ ಇ. ಕೋಲೈಯಲ್ಲಿ ತಯಾರಾಯಿತು, 1982ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. (ನಮ್ಮ ಬೆಂಗಳೂರಿನ ಬಯೋಕಾನ್ ಇನ್ಸುಲಿನ್ ಮಾಡುವುದು ಬ್ಯಾಕ್ಟೀರಿಯಾದಲ್ಲಲ್ಲ, ಪೀಚಿಯಾ ಎಂಬ ಯೀಸ್ಟಿನಲ್ಲಿ. ಆತಿಥೇಯ ಬೇರೆ, ಇನ್ಸುಲಿನ್ ಅದೇ.)

ವ್ಯತ್ಯಾಸ ಬರುವುದು ಸರ ಪೋಣಿಸಿದ ಮೇಲೆ. ನಮ್ಮ ಕೋಶಗಳು ಹಲವು ಪ್ರೋಟೀನ್‌ಗಳ ಮೇಲೆ ಸಕ್ಕರೆಯ ಕೊಂಬೆಗಳನ್ನು ಅಂಟಿಸುತ್ತವೆ. ಇ. ಕೋಲೈಗೆ ಆ ಕೆಲಸ ಬರುವುದಿಲ್ಲ. ಎರಡು ಗಂಧಕಗಳನ್ನು ಜೋಡಿಸಿ ಪ್ರೋಟೀನಿಗೆ ಕೊಂಡಿ ಹಾಕುವುದು ಅದರ ಕೋಶದೊಳಗೆ ಕಷ್ಟ. ಕೊಂಡಿ ಹತ್ತದ ಪ್ರೋಟೀನ್ ಎಷ್ಟೋ ಸಲ ಮುದ್ದೆಯಾಗಿ ತಳ ಸೇರುತ್ತದೆ. ಅದನ್ನು ಯೂರಿಯಾದಲ್ಲಿ ಬಿಚ್ಚಿ ಮತ್ತೆ ಮಡಚಬೇಕು. ಹಾಗೆ ಮಡಚಿದ್ದು ಸರಿಯಾಗಿಯೇ ಮಡಚಿಕೊಂಡಿತಾ ಎಂಬುದು ಇನ್ನೊಂದು ತಲೆನೋವು.

ಈ ಕೊರತೆ ಎಲ್ಲ ಪ್ರೋಟೀನಿಗೂ ಒಂದೇ ಥರ ಏಟು ಕೊಡುವುದಿಲ್ಲ. ಎರಿತ್ರೋಪೊಯೆಟಿನ್ ನೋಡಿ, ಅದರ ತೂಕದಲ್ಲಿ ಸುಮಾರು ಶೇ. 40 ಸಕ್ಕರೆಯೇ. ಸಕ್ಕರೆ ಇಲ್ಲದಿದ್ದರೆ ದೇಹಕ್ಕೆ ಹೋದ ಮೇಲೆ ಬೇಗ ಕರಗಿ ಕಾಣೆಯಾಗುತ್ತದೆ. ಅದಕ್ಕೇ ಔಷಧಿಗೆ ಹ್ಯಾಮ್‌ಸ್ಟರ್ ಕೋಶಗಳಲ್ಲಿ ಮಾಡುತ್ತಾರೆ. ಕೀಮೋ ಆದವರಿಗೆ ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಫಿಲ್‌ಗ್ರಾಸ್ಟಿಮ್ ಕಥೆ ಇದಕ್ಕೆ ಉಲ್ಟಾ. ಅದು ಇ. ಕೋಲೈಯಲ್ಲೇ ತಯಾರಾಗುವುದು. ಸಹಜ ಪ್ರೋಟೀನಿನ ಮೇಲಿರುವ ಸಕ್ಕರೆ ಇದರಲ್ಲಿಲ್ಲ, ಶುರುವಿನಲ್ಲಿ ಒಂದು ಮೆಥಿಯೋನಿನ್ ಜಾಸ್ತಿಯೂ ಇದೆ. 1991ರಿಂದ ಆರಾಮಾಗಿ ಕೆಲಸ ಮಾಡುತ್ತಿದೆ.

ನಿಮ್ಮ ಗ್ಯಾಲೆಕ್ಟಿನ್-3 ಈ ವಿಷಯದಲ್ಲಿ ಅದೃಷ್ಟದ ಪ್ರೋಟೀನ್. ನಮ್ಮ ಕೋಶದಲ್ಲೂ ಅದು ಸಕ್ಕರೆ ಅಂಟಿಸುವ ಓಣಿಗೆ ಹೋಗುವುದಿಲ್ಲ. ಕೋಶದ ತಿಳಿರಸದಲ್ಲೇ ತಯಾರಾಗಿ, ಬೇರೆಯೇ ದಾರಿ ಹಿಡಿದು ಹೊರಬರುತ್ತದೆ. ಬ್ಯಾಕ್ಟೀರಿಯಾದಲ್ಲಿ ಸಿಗದೇ ಇರುವುದು ಫಾಸ್ಫೇಟ್‌ನಂಥ ಒಂದೆರಡು ಸಣ್ಣ ಗುರುತುಗಳು ಅಷ್ಟೇ. ಒಂದು ಲೀಟರ್ ಕಲ್ಚರಿನಿಂದ ಹತ್ತಾರು ಮಿಲಿಗ್ರಾಂ ಸಿಗುವುದೂ ಕಷ್ಟವಲ್ಲ. ಹಾಗಾಗಿ 'ಎಲ್ಲ ಬಿಟ್ಟು ಪ್ರಾಣಿಕೋಶದಲ್ಲಿ ಮಾಡು' ಎನ್ನುವ ಸಲಹೆಗೆ ನೀವು ಕೇಳಿದ ಕಾರಣ ಸರಿಯಿಲ್ಲ. ಬೇರೆ ಕಾರಣಕ್ಕೆ ಅದು ಸರಿಯಾಗಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ಅಂದ ಹಾಗೆ, ಆ ಕಂಪನಿಯ ವಯಲ್ ಜೊತೆ ಬಂದ ಕಾಗದದಲ್ಲಿ 'ಮೂಲ' ಎಂಬ ಸಾಲು ಓದಿದಿರಾ? ಮಾರುಕಟ್ಟೆಯ ಗ್ಯಾಲೆಕ್ಟಿನ್-3ರಲ್ಲಿ ಎಷ್ಟೋ ಪಾಲು ಇ. ಕೋಲೈಯದ್ದೇ. ನಿಮ್ಮಿಬ್ಬರು ಸೀನಿಯರ್‌ಗಳು 'ಬ್ಯಾಕ್ಟೀರಿಯಾದ್ದು' ಮತ್ತು 'ನಿಜವಾದ್ದು' ಅಂತ ಜಗಳ ಆಡುತ್ತಿರುವುದು ಒಂದೇ ಹಿಟ್ಟಿನ ಎರಡು ರೊಟ್ಟಿಗಳ ಬಗ್ಗೆ ಇರಬಹುದು.

ಈಗ ಅಸಲಿ ವಿಷಯ. ಇ. ಕೋಲೈಯ ಹೊರ ಪೊರೆಯ ಹೊರಮೈ ಬಹುಪಾಲು ಎಲ್‌ಪಿಎಸ್ ಎಂಬ ವಸ್ತುವಿನಿಂದ ಆಗಿದೆ. ಎಂಡೋಟಾಕ್ಸಿನ್ ಅಂತ ಕರೆಯುವುದು ಇದನ್ನೇ. ಸಾನಿಕೇಟರ್ (ಶಬ್ದದ ಅಲೆಗಳಿಂದ ಕೋಶ ಒಡೆಯುವ ಯಂತ್ರ) ಹಾಕಿ ಬ್ಯಾಕ್ಟೀರಿಯಾ ಒಡೆದಾಗ ಇದು ಚೂರುಚೂರಾಗಿ ಬಫರಿಗೆಲ್ಲ (ಪ್ರೋಟೀನ್ ಇರುವ ದ್ರಾವಣಕ್ಕೆಲ್ಲ) ಬೆರೆಯುತ್ತದೆ. ಕಾಲಂಗೆ ಅಂಟುತ್ತದೆ, ಪ್ರೋಟೀನಿಗೆ ಅಂಟುತ್ತದೆ, ಟ್ಯೂಬಿಗೆ ಅಂಟುತ್ತದೆ. ಗ್ಯಾಲೆಕ್ಟಿನ್-3 ಇನ್ನೂ ಒಂದು ಹೆಜ್ಜೆ ಮುಂದೆ. ಸಕ್ಕರೆ ಹಿಡಿಯುವುದೇ ಅದರ ಕಸುಬು, ಎಲ್‌ಪಿಎಸ್ ಮೈತುಂಬ ಸಕ್ಕರೆ. ಇವೆರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂಬುದು ಹಳೆಯ ತಿಳಿವಳಿಕೆ. ಕೊಳೆಯನ್ನು ತಾನೇ ಕೈಹಿಡಿದು ಕರೆತರುವ ಪ್ರೋಟೀನ್ ನಿಮ್ಮದು.

ಜೆಲ್‌ನಲ್ಲಿ ಇದು ಯಾಕೆ ಕಾಣಲಿಲ್ಲ? ಜೆಲ್‌ಗೆ ಹಾಕುವ ಕೂಮಾಸಿ ಬಣ್ಣ ಹಿಡಿಯುವುದು ಪ್ರೋಟೀನನ್ನು. ಎಲ್‌ಪಿಎಸ್ ಪ್ರೋಟೀನ್ ಅಲ್ಲ. ಸಾರಿನ ಬಣ್ಣ ನೋಡಿ ಉಪ್ಪು ಎಷ್ಟಿದೆ ಅಂತ ಹೇಳಲು ಆಗುತ್ತಾ? ಶೇ. 95 ಅಂದರೆ ಅಲ್ಲಿರುವ ಪ್ರೋಟೀನುಗಳ ಪೈಕಿ 95 ಪಾಲು ನಿಮ್ಮದು ಅಂತ ಮಾತ್ರ. ಶೇ. 99.9 ಇದ್ದರೂ ಮ್ಯಾಕ್ರೋಫೇಜ್ ಮಟ್ಟಿಗೆ ಅದು ಗಲೀಜೇ ಆಗಿರಬಹುದು.

ಲೆಕ್ಕ ಹಾಕಿ ನೋಡೋಣ. ಎಂಡೋಟಾಕ್ಸಿನ್ ಅಳೆಯುವುದು ಇಯು ಎಂಬ ಯೂನಿಟ್‌ನಲ್ಲಿ. 1 ಇಯು ಅಂದರೆ ಸುಮಾರು 100 ಪಿಕೋಗ್ರಾಂ ಎಲ್‌ಪಿಎಸ್. ಮನುಷ್ಯರ ಮಾನೋಸೈಟುಗಳು (ಮ್ಯಾಕ್ರೋಫೇಜ್ ಆಗಬಲ್ಲ ಬಿಳಿ ರಕ್ತಕಣಗಳು) ಮಿಲಿಲೀಟರಿಗೆ ಹತ್ತಾರು ಪಿಕೋಗ್ರಾಂ ಇದ್ದರೇ ಪ್ರತಿಕ್ರಿಯೆ ಶುರು ಮಾಡಬಲ್ಲವು. ಕ್ಯಾಟಲಾಗಿನಲ್ಲಿ ಹೆಮ್ಮೆಯಿಂದ ಬರೆದಿರುತ್ತಾರೆ, ಮೈಕ್ರೋಗ್ರಾಮಿಗೆ 1 ಇಯುಗಿಂತ ಕಡಿಮೆ ಅಂತ. ಇಂಟರ್‌ಲ್ಯೂಕಿನ್ ಥರದ ಪ್ರೋಟೀನನ್ನು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಹಾಕುವವರಿಗೆ ಇದು ಸಾಕು. ಅವರ ಬಾವಿಗೆ (ಕೋಶ ಬೆಳೆಸುವ ತಟ್ಟೆಯ ಗುಳಿಗೆ) ಬೀಳುವುದು ಹೆಚ್ಚೆಂದರೆ 1 ಪಿಕೋಗ್ರಾಂ ಎಲ್‌ಪಿಎಸ್. ಆದರೆ ನೀವು ಹಾಕುತ್ತಿರುವುದು 10 ಮೈಕ್ರೋಗ್ರಾಂ, ಅದರ ಸಾವಿರ ಪಟ್ಟು. ಅದೇ ಮಿತಿಯ ವಯಲಿನಿಂದ ನಿಮ್ಮ ಬಾವಿಗೆ 10 ಇಯು ತನಕ ಬರಬಹುದು, ಅಂದರೆ 1 ನ್ಯಾನೋಗ್ರಾಂ. ಅಷ್ಟಿದ್ದರೆ ಗ್ಯಾಲೆಕ್ಟಿನ್ ಇಲ್ಲದೆಯೂ ಟಿಎನ್‌ಎಫ್ ಏರುತ್ತದೆ. ಕೊಂಡ ಪ್ರೋಟೀನಿನ ಕಥೆಯೇ ಹೀಗಿರಬಹುದು ಎಂದ ಮೇಲೆ, ಎಂಡೋಟಾಕ್ಸಿನ್ ತೆಗೆಯುವ ಹಂತವೇ ಇಲ್ಲದೆ ನಿಕ್ಕಲ್ ಕಾಲಂನಿಂದ ಸೀದಾ ಬಂದ ನಿಮ್ಮದರಲ್ಲಿ ಎಷ್ಟಿರಬಹುದು ನೀವೇ ಯೋಚಿಸಿ.

ಇದು ನಿಮ್ಮೊಬ್ಬರ ತಪ್ಪಲ್ಲ. 1990ರ ದಶಕದ ಕೊನೆಯಿಂದ ಕೆಲವು ವರ್ಷ, ಎಚ್‌ಎಸ್‌ಪಿ60, ಎಚ್‌ಎಸ್‌ಪಿ70 ಎಂಬ ಮನುಷ್ಯ ಪ್ರೋಟೀನುಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ ಎಂದು ಸಾಲುಸಾಲು ಪೇಪರ್‌ಗಳು ಬಂದವು. ಬಳಸಿದ್ದು ಬಹುತೇಕ ಇ. ಕೋಲೈಯಲ್ಲಿ ಮಾಡಿದ ಪ್ರೋಟೀನ್. 2003ರಲ್ಲಿ, ಎಂಡೋಟಾಕ್ಸಿನ್ ತೀರಾ ಕಡಿಮೆ ಇರುವ ಎಚ್‌ಎಸ್‌ಪಿ70 ಹಾಕಿ ನೋಡಿದಾಗ ಟಿಎನ್‌ಎಫ್ ಬರಲೇ ಇಲ್ಲ. ಕೆರಳಿಸುತ್ತಿದ್ದುದು ಜೊತೆಗಿದ್ದ ಎಲ್‌ಪಿಎಸ್ ಎಂದು ತೋರಿಸಿದರು. ಒಂದಿಡೀ ಕ್ಷೇತ್ರ ತನ್ನ ಹಳೆಯ ಪೇಪರ್‌ಗಳನ್ನು ಮತ್ತೆ ತೆರೆದು ನೋಡಬೇಕಾಯಿತು. ನನ್ನದೂ ಒಂದು ಪಾಲು ಇದೆ ಬಿಡಿ. ಶುರುವಿನ ದಿನಗಳಲ್ಲಿ ಇದೇ ಥರದ 'ಭರ್ಜರಿ' ಫಲಿತಾಂಶದ ಹಿಂದೆ ಏಳು ತಿಂಗಳು ಓಡಿದ್ದೇನೆ. ಕೊನೆಗೆ, ಪ್ರೋಟೀನೇ ಇಲ್ಲದ ಬರೀ ಬಫರಿಗೂ ಕೋಶಗಳು ಅಷ್ಟೇ ಕುಣಿದವು.

ಹಾಗಾದರೆ ಕಂಪನಿಯದ್ದೇ ಸರಿ ಅಂತ ತೀರ್ಪು ಕೊಡಬೇಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಅವಸರ ಅದು. ನಿಮ್ಮ ಸೀನಿಯರ್ ಹೇಳಿದ್ದರಲ್ಲೂ ಹುರುಳಿದೆ, ಕೊಂಡ ಪ್ರೋಟೀನ್ ಸಾಯುವುದು ಸುಲಭ. ಒಣಗಿಸಿದ ಪುಡಿ ಎಷ್ಟೋ ಸಲ ಮುಚ್ಚಳಕ್ಕೆ ಮೆತ್ತಿಕೊಂಡಿರುತ್ತದೆ. ತೆರೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸದಿದ್ದರೆ ಅರ್ಧ ಅಲ್ಲೇ ಹೋಯಿತು. ತೀರಾ ತೆಳುವಾಗಿ ಕರಗಿಸಿಟ್ಟರೆ ಪ್ಲಾಸ್ಟಿಕ್ ಗೋಡೆಗೆ ಅಂಟುತ್ತದೆ. ವೋರ್ಟೆಕ್ಸ್ ಮೇಲೆ ಕುಲುಕಿದರೆ ನೊರೆಯಲ್ಲಿ ಹಾಳು. ಫ್ರೀಜ್ ಮಾಡಿ ಕರಗಿಸಿ ಮತ್ತೆ ಫ್ರೀಜ್ ಮಾಡಿದರೆ ಇನ್ನಷ್ಟು ಹಾಳು. ನಮ್ಮೂರ ಬೇಸಿಗೆಯಲ್ಲಿ ಪಾರ್ಸೆಲ್ ಎಲ್ಲೆಲ್ಲಿ ಕೂತು ಬಂತೋ, ಅದು ಬೇರೆ.

ಅಂದರೆ ನಿಮ್ಮ ಮುಂದಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಪ್ರೋಟೀನ್ ಬದುಕಿದೆಯಾ? ಎಲ್‌ಪಿಎಸ್ ಇದೆಯಾ? ಟಿಎನ್‌ಎಫ್ ಅಳೆದರೆ ಎರಡೂ ಕಲಸಿಹೋಗುತ್ತವೆ. ಬೇರೆ ಬೇರೆಯಾಗಿಯೇ ಕೇಳಬೇಕು.

ಬದುಕಿದೆಯಾ ಎಂದು ನೋಡಲು ಗ್ಯಾಲೆಕ್ಟಿನ್‌ಗೆ ಒಂದು ಹಳೆಯ, ಅಗ್ಗದ, ಚಂದದ ಪರೀಕ್ಷೆ ಇದೆ. ಕೆಂಪು ರಕ್ತಕಣಗಳ ಜೊತೆ ಬೆರೆಸಿ ಬಾವಿಗಳ ತಟ್ಟೆಯಲ್ಲಿ ಇಡಿ. ಗ್ಯಾಲೆಕ್ಟಿನ್ ಜೀವಂತವಾಗಿದ್ದರೆ ಕಣಗಳನ್ನು ಒಂದಕ್ಕೊಂದು ಹೆಣೆದು ಬಲೆ ಮಾಡುತ್ತದೆ. ಇಲ್ಲದಿದ್ದರೆ ಅವು ತಳದಲ್ಲಿ ಕುಂಕುಮದ ಬೊಟ್ಟಿನ ಹಾಗೆ ಕೂರುತ್ತವೆ. ಪಕ್ಕದ ಸಾಲಿಗೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಸೇರಿಸಿ. ಗ್ಯಾಲೆಕ್ಟಿನ್ ಅದನ್ನು ಹಿಡಿದು ರಕ್ತಕಣಗಳನ್ನು ಬಿಟ್ಟುಬಿಡಬೇಕು. ಸುಕ್ರೋಸ್, ಅಂದರೆ ನಮ್ಮ ಕಾಫಿ ಸಕ್ಕರೆ ಹಾಕಿದರೆ ಬಿಡಬಾರದು. ನಿಮ್ಮದು, ಕಂಪನಿಯದು ಎರಡನ್ನೂ ಒಂದೇ ತಟ್ಟೆಯಲ್ಲಿ ಓಡಿಸಿ. ಸೀನಿಯರ್‌ಗಳ ಅರ್ಧ ಜಗಳ ಒಂದೇ ಮಧ್ಯಾಹ್ನದಲ್ಲಿ ತೀರುತ್ತದೆ.

ಇದೇ ಲ್ಯಾಕ್ಟೋಸ್ ನಿಮ್ಮ ಮ್ಯಾಕ್ರೋಫೇಜ್ ಪ್ರಯೋಗದಲ್ಲೂ ಒಳ್ಳೆಯ ಸಾಕ್ಷಿ. ಟಿಎನ್‌ಎಫ್ ಏರಿಸುತ್ತಿರುವುದು ಗ್ಯಾಲೆಕ್ಟಿನ್ ಕೋಶದ ಮೇಲಿನ ಸಕ್ಕರೆ ಹಿಡಿಯುವುದರಿಂದಲೇ ಆದರೆ, ಲ್ಯಾಕ್ಟೋಸ್ ಹಾಕಿದಾಗ ಇಳಿಯಬೇಕು. ಎಲ್‌ಪಿಎಸ್‌ನಿಂದ ಆಗಿದ್ದರೆ ಲ್ಯಾಕ್ಟೋಸ್‌ಗೆ ಅದು ಕ್ಯಾರೇ ಅನ್ನುವುದಿಲ್ಲ. ಒಂದು ಎಚ್ಚರ: ಲ್ಯಾಕ್ಟೋಸ್ ಡಬ್ಬಿಯಲ್ಲೇ ಎಂಡೋಟಾಕ್ಸಿನ್ ಇರುವುದುಂಟು. ಲ್ಯಾಕ್ಟೋಸ್ ಮಾತ್ರ ಹಾಕಿದ ಬಾವಿಯೂ ಇರಲಿ.

ಎಲ್‌ಪಿಎಸ್ ಅಳೆಯಲು ಎಲ್‌ಎಎಲ್ ಪರೀಕ್ಷೆ ಇದೆ. ಕುದುರೆ ಲಾಳದ ಏಡಿಯ ನೀಲಿ ರಕ್ತದಿಂದ ಬಂದದ್ದು. ಏಡಿಗೆ ತೊಂದರೆ ಕೊಡದ, ಲ್ಯಾಬಿನಲ್ಲೇ ಮಾಡಿದ ಫ್ಯಾಕ್ಟರ್ ಸಿ ಕಿಟ್‌ಗಳೂ ಈಗ ಸಿಗುತ್ತವೆ. ಯಾವುದೇ ಆದರೂ ಬಂದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಎಲ್‌ಪಿಎಸ್ ಪ್ರೋಟೀನಿನ ಮಡಿಲಲ್ಲಿ ಅಡಗಿ ಕೂತಿದ್ದರೆ ಕಿಟ್‌ಗೆ ಕಾಣದೇ ಹೋಗಬಹುದು. ನಿಮ್ಮ ಮಾದರಿಗೆ ಗೊತ್ತಿರುವಷ್ಟು ಎಲ್‌ಪಿಎಸ್ ಬೆರೆಸಿ, ಅದು ವಾಪಸ್ ಎಷ್ಟು ಓದುತ್ತದೆ ನೋಡಿ. ಶೇ. 50ರಿಂದ 200ರ ಒಳಗೆ ಬಂದರೆ ಓದು ಒಪ್ಪಬಹುದು.

ಎಲ್ಲರೂ ಹೇಳಿಕೊಡುವ ಕುದಿಸುವ ಉಪಾಯ ಗೊತ್ತಿರಬಹುದು. ಪ್ರೋಟೀನ್ ಕುದಿಸಿದರೆ ಸಾಯುತ್ತದೆ, ಎಲ್‌ಪಿಎಸ್ ಸಾಯುವುದಿಲ್ಲ, ಕುದಿಸಿದ ಮೇಲೂ ಟಿಎನ್‌ಎಫ್ ಬಂದರೆ ಎಲ್‌ಪಿಎಸ್ ಅಂತ ಲೆಕ್ಕ. ಬಂದರೆ ಸರಿ. ಬರದಿದ್ದರೆ ಮಾತ್ರ 'ಎಲ್‌ಪಿಎಸ್ ಇಲ್ಲ' ಅಂತ ಹಾರಾಡಬೇಡಿ. ತೀರಾ ಕಡಿಮೆ ಎಲ್‌ಪಿಎಸ್ ಇದ್ದಾಗ ಕುದಿಸಿದರೆ ಅದರ ಜೋರೂ ಇಳಿಯಬಹುದು. ಎಚ್‌ಎಸ್‌ಪಿ ವಿಷಯದಲ್ಲಿ ಜನ ಮುಗ್ಗರಿಸಿದ್ದು ಇಲ್ಲೂ ಹೌದು. ಅಷ್ಟೇ ಪ್ರಮಾಣದ ಬರೀ ಎಲ್‌ಪಿಎಸ್ ಅನ್ನೂ ಪಕ್ಕದಲ್ಲಿ ಕುದಿಸಿಡಿ. ಪಾಲಿಮಿಕ್ಸಿನ್ ಬಿ ಎಂಬ ಆ್ಯಂಟಿಬಯಾಟಿಕ್ ಎಲ್‌ಪಿಎಸ್ ಅನ್ನು ಕಟ್ಟಿಹಾಕುತ್ತದೆ, ಆದರೆ ಎಲ್‌ಪಿಎಸ್ ಜಾಸ್ತಿಯಿದ್ದರೆ ಸಾಲುವುದಿಲ್ಲ. ಅದನ್ನೇ ಜಾಸ್ತಿ ಹಾಕಿದರೆ ಕೋಶಗಳಿಗೇ ಪೆಟ್ಟು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಂಟ್ರೋಲ್ (ಹೋಲಿಕೆಯ ಪ್ರಯೋಗ) ಅಂದರೆ ಖಾಲಿ ಪ್ಲಾಸ್ಮಿಡ್ (ಜೀನ್ ಹೊತ್ತು ಒಯ್ಯುವ ಡಿಎನ್‌ಎ ಉಂಗುರ). ನಿಮ್ಮ ಜೀನ್ ಇಲ್ಲದ ಅದೇ ಪ್ಲಾಸ್ಮಿಡ್, ಅದೇ ಬಿಎಲ್21 (ಇ. ಕೋಲೈಯ ಲ್ಯಾಬ್ ತಳಿ), ಅದೇ ಐಪಿಟಿಜಿ (ಪ್ರೋಟೀನ್ ತಯಾರಿ ಶುರು ಮಾಡಿಸುವ ರಾಸಾಯನಿಕ), ಅದೇ ಕಾಲಂ, ಅದೇ ಬಫರ್. ಕೊನೆಗೆ ಬಂದ 'ಏನೂ ಇಲ್ಲದ' ದ್ರವವನ್ನು ಅಷ್ಟೇ ಪ್ರಮಾಣದಲ್ಲಿ ಕೋಶಗಳಿಗೆ ಹಾಕಿ. ಎರಡು ದಿನದ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ. ಆದರೆ ಇದೂ ಪೂರ್ತಿ ಸಾಕ್ಷಿಯಲ್ಲ. ಗ್ಯಾಲೆಕ್ಟಿನ್ ತಾನೇ ಹಿಡಿದು ತರುವ ಎಲ್‌ಪಿಎಸ್ ಇದರಲ್ಲಿ ಬರುವುದಿಲ್ಲ ನೋಡಿ. ಇದಕ್ಕೂ ಟಿಎನ್‌ಎಫ್ ಏರಿದರೆ ಕಥೆ ಮುಗಿಯಿತು. ಏರದಿದ್ದರೆ ಮುಗಿದಿಲ್ಲ.

ಎಲ್‌ಪಿಎಸ್ ಇದೆ ಎಂದೇ ಆಯಿತು ಅನ್ನಿ, ನಾನಾದರೆ ಹಾಗೇ ಅಂದುಕೊಂಡು ಶುರು ಮಾಡುತ್ತೇನೆ. ಮುಂದೇನು? ಮೊದಲ ದಾರಿ, ತೊಳೆಯುವುದು. ಪ್ರೋಟೀನ್ ನಿಕ್ಕಲ್ ಕಾಲಂ ಮೇಲೆ ಕೂತಿರುವಾಗಲೇ ಟ್ರೈಟನ್ ಎಕ್ಸ್-114 ಎಂಬ ಸಾಬೂನಿನಂಥ ವಸ್ತು ಶೇ. 0.1ರಷ್ಟು ಬೆರೆಸಿದ ತಣ್ಣನೆಯ ಬಫರಿನಿಂದ ಧಾರಾಳವಾಗಿ ತೊಳೆಯಿರಿ. ಕಾಲಂನ ಗಾತ್ರದ ಇಪ್ಪತ್ತು, ಮೂವತ್ತು, ಐವತ್ತು ಪಟ್ಟು. ಜಿಪುಣತನ ಬೇಡ. ಆಮೇಲೆ ಟ್ರೈಟನ್ ಇಲ್ಲದ ಬಫರಿನಿಂದ ಅಷ್ಟೇ ತೊಳೆದು, ಪ್ರೋಟೀನನ್ನು ನಿಕ್ಕಲ್‌ನಿಂದ ಬಿಡಿಸುವ ಇಮಿಡಜೋಲ್‌ನಿಂದ ಇಳಿಸಿ. ಈ ಟ್ರೈಟನ್‌ಗೆ ಒಂದು ಗುಣವಿದೆ: ಐಸಿನಲ್ಲಿ ತಿಳಿಯಾಗಿರುತ್ತದೆ, ಸುಮಾರು 22 ಡಿಗ್ರಿ ದಾಟಿದರೆ ಮಜ್ಜಿಗೆ ಹಾಗೆ ಕದಡಿ ಬೇರೆಯಾಗುತ್ತದೆ. ಆದ್ದರಿಂದ ಕೆಲಸ ಕೋಲ್ಡ್ ರೂಮಿನಲ್ಲೇ ಆಗಬೇಕು. ಅಪಾಯ ಎರಡು: ಒಂದಿಷ್ಟು ಪ್ರೋಟೀನ್ ಕಳೆದುಕೊಳ್ಳುತ್ತೀರಿ, ಮತ್ತು ಉಳಿದ ಟ್ರೈಟನ್ ಕೋಶಗಳನ್ನೇ ಕೊಲ್ಲಬಹುದು. ತೊಳೆಯುವ ಬಫರಿಗೆ ಲ್ಯಾಕ್ಟೋಸ್ ಸೇರಿಸಿದರೆ ಗ್ಯಾಲೆಕ್ಟಿನ್ ಸಕ್ಕರೆಯ ಮೂಲಕ ಹಿಡಿದುಕೊಂಡ ಎಲ್‌ಪಿಎಸ್ ಸಡಿಲವಾಗುವ ಸಾಧ್ಯತೆ ಇದೆ. ಹಾಗೆ ಮಾಡಿದರೆ ಕೊನೆಯಲ್ಲಿ ಡಯಾಲಿಸಿಸ್ (ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದು) ಚೆನ್ನಾಗಿ ಮಾಡಿ ಲ್ಯಾಕ್ಟೋಸ್ ಪೂರ್ತಿ ತೆಗೆಯಿರಿ. ಉಳಿದರೆ ಒಳ್ಳೆಯ ಪ್ರೋಟೀನೂ ಸತ್ತ ಹಾಗೆ ಕಾಣುತ್ತದೆ.

ಎರಡನೆಯದು, ಬ್ಯಾಕ್ಟೀರಿಯಾ ಬದಲಾಯಿಸುವುದು. ಮನುಷ್ಯ ಕೋಶಗಳನ್ನು ಕೆರಳಿಸದ ಹಾಗೆ ಎಲ್‌ಪಿಎಸ್ ಅನ್ನೇ ತಿದ್ದಿದ ಕ್ಲಿಯರ್‌ಕೋಲೈ ಎಂಬ ತಳಿ ಇದೆ. ನಿಧಾನವಾಗಿ ಬೆಳೆಯುತ್ತದೆ, ದುಡ್ಡು ಜಾಸ್ತಿ. ಇಲಿ ಕೋಶಗಳ ವರ್ತನೆ ಮನುಷ್ಯರದ್ದಕ್ಕಿಂತ ಬೇರೆಯಿರಬಹುದು. ಬ್ಯಾಕ್ಟೀರಿಯಾದ ಉಳಿದ ಕೊಳೆ, ಪೆಪ್ಟಿಡೋಗ್ಲೈಕಾನ್ ಎಂಬ ಕೋಶಗೋಡೆಯ ಚೂರು, ಡಿಎನ್‌ಎ, ಅದೂ ಅಲ್ಲೇ ಇರುತ್ತದೆ. ಅದಕ್ಕೂ ಮ್ಯಾಕ್ರೋಫೇಜ್ ಸುಮ್ನೆ ಕೂರುವುದಿಲ್ಲ.

ಮೂರನೆಯದು ನಿಮ್ಮ ಎರಡನೇ ಸೀನಿಯರ್ ಹೇಳಿದ್ದು, ಎಚ್‌ಇಕೆ (ಮನುಷ್ಯ ಮೂತ್ರಪಿಂಡದ ಕೋಶತಳಿ) ಥರದ ಕೋಶಗಳಲ್ಲಿ ಮಾಡುವುದು. ಸಕ್ಕರೆಗಾಗಿ ಅಲ್ಲ, ಎಲ್‌ಪಿಎಸ್ ಕಡಿಮೆ ಅನ್ನುವ ಕಾರಣಕ್ಕೆ ಇದು ಒಳ್ಳೆಯ ಸಲಹೆ. ಸಿಗುವುದು ಸ್ವಲ್ಪ, ಖರ್ಚು ಜಾಸ್ತಿ. ಎಲ್ಲ ಪ್ರಯೋಗಕ್ಕೂ ಬೇಡ. ಪೇಪರಿನ ಮುಖ್ಯ ಚಿತ್ರ ಒಂದನ್ನು ಈ ಪ್ರೋಟೀನಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸಿದರೆ, ವಿಮರ್ಶಕರ ಕಡೆಯಿಂದ ಬರುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ಎಂಡೋಟಾಕ್ಸಿನ್ ಎಷ್ಟಿತ್ತು ಎಂಬುದೇ ಆ ಮೊದಲ ಪ್ರಶ್ನೆ, ಬೇಕಾದರೆ ಬಾಜಿ ಕಟ್ಟುತ್ತೇನೆ. ಗೈಡ್ ಹತ್ತಿರ ಇದನ್ನೇ ಹೇಳಿ. 'ಫಲಿತಾಂಶ ತಪ್ಪು' ಎಂದು ಶುರು ಮಾಡಬೇಡಿ. 'ವಿಮರ್ಶಕರು ಇದನ್ನು ಕೇಳುತ್ತಾರೆ ಸರ್, ಆರು ವಾರ ಕೊಡಿ' ಎಂದರೆ ಒಪ್ಪುತ್ತಾರೆ.

ಅಮ್ಮನ ಭಯಕ್ಕೆ ಬರುತ್ತೇನೆ. ಬಿಎಲ್21 ರೋಗ ತರುವ ಇ. ಕೋಲೈ ಅಲ್ಲ. ಹಲವು ದಶಕಗಳಿಂದ ಲ್ಯಾಬಿನ ಊಟ ತಿಂದು ಮೆತ್ತಗಾದ ತಳಿ, ಹೊಟ್ಟೆಯಲ್ಲಿ ನೆಲೆ ನಿಲ್ಲುವ ತಾಕತ್ತಿಲ್ಲ. ಅದಕ್ಕೆ ಹಾಕಿದ್ದು ಮನುಷ್ಯರ ಸಾವಿರಾರು ಜೀನ್‌ಗಳಲ್ಲಿ ಒಂದನ್ನು ಮಾತ್ರ. ಆ ಪ್ರೋಟೀನ್ ಅಮ್ಮನ ಮೈಯಲ್ಲೂ ಇದೆ. ಇಂಥ ಕೆಲಸಕ್ಕೆ ದೇಶದಲ್ಲಿ 1989ರಿಂದಲೇ ನಿಯಮ ಇದೆ, ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಲೆಕ್ಕದಲ್ಲಿ ನಿಮ್ಮ ಪ್ರಯೋಗ ಇರಬೇಕು. ಇಲ್ಲದಿದ್ದರೆ ಇವತ್ತೇ ಕೇಳಿ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಜೀನ್ ಇರುವ ಕಲ್ಚರನ್ನು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡದೆ ಸಿಂಕಿಗೆ ಸುರಿಯಬೇಡಿ. ನಿಜವಾಗಿ ಹುಷಾರಾಗಿರಬೇಕಾದ್ದು ಜೆಲ್ ಮಾಡುವ ಹಸಿ ಅಕ್ರಿಲಮೈಡ್ ಬಗ್ಗೆ, ನರಗಳಿಗೆ ವಿಷ ಅದು. ಗ್ಲೌಸ್ ಹಾಕಿ. ಸಾನಿಕೇಟರ್ ಹತ್ತಿರ ಕಿವಿ ಮುಚ್ಚಿಕೊಳ್ಳಿ. ಅಮ್ಮನಿಗೆ ಇದನ್ನು ಮಾತ್ರ ಹೇಳಬೇಡಿ, ಹೊಸ ಭಯ ಶುರುವಾಗುತ್ತದೆ.

ನೀವು ಬರೆಯದೇ ಬಿಟ್ಟ ಒಂದು ವಿಷಯ ಕೇಳಲೇಬೇಕು. ನಿಮ್ಮ ನಿಕ್ಕಲ್ ರೆಸಿನ್ (ಕಾಲಂಗೆ ತುಂಬುವ ಮಣಿಗಳು) ಹೊಸದಾ, ಲ್ಯಾಬಿನಲ್ಲಿ ಎಲ್ಲರೂ ಬಳಸಿ ಶೇ. 20ರ ಎಥನಾಲಿನಲ್ಲಿ ಇಟ್ಟ ಹಳೆಯದಾ? ಹಳೆಯದಾದರೆ ಹಿಂದಿನವರ ಎಲ್‌ಪಿಎಸ್ ಎಲ್ಲ ಅದರಲ್ಲಿದೆ, ಎಥನಾಲ್ ಅದನ್ನು ತೆಗೆಯುವುದಿಲ್ಲ. ಆಟೋಕ್ಲೇವ್ ಕೂಡ ಎಂಡೋಟಾಕ್ಸಿನ್ ಕೊಲ್ಲುವುದಿಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿಯಲ್ಲಿ ಅರ್ಧ ಗಂಟೆ ಒಣ ಬಿಸಿ ಬೇಕು. ಈ ಪ್ರೋಟೀನಿಗೆ ಅಂತಲೇ ಸ್ವಲ್ಪ ಹೊಸ ರೆಸಿನ್ ತೆಗೆದಿಡಿ, ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆಯಿರಿ, ಬಫರಿಗೆ ಎಂಡೋಟಾಕ್ಸಿನ್ ಇಲ್ಲದ ನೀರು ಬಳಸಿ. ಲ್ಯಾಬಿನ ನೀರಿನ ಯಂತ್ರದ ಫಿಲ್ಟರ್ ಕಡೆಯ ಸಲ ಯಾವಾಗ ಬದಲಾಯಿಸಿದ್ದು ಅಂತಲೂ ಒಮ್ಮೆ ವಿಚಾರಿಸಿ.